ಮೂರು ಮರಿಗಳ ತಾಯಿ

"ಅದು ಇದಲ್ಲ ಸಾರ್. ಖಂಡಿತಾ ಅಲ್ಲ."

ಕವನ ಮೂರನೆಯ ಸಲ ಹೇಳಿದಳು. ಅರಣ್ಯ ಶಿಬಿರದ ಮುಂದಿನ ಬಂಡೆ ಹತ್ತಿ ನಿಂತರೆ ಮಾತ್ರ ಫೋನಿಗೆ ಸಿಗ್ನಲ್ಲು. ಅತ್ತ ಕಡೆಯಿಂದ ರೇಂಜರ್ ಅಮೃತೇಶರ ದನಿಗಿಂತ ಅವರ ಜೀಪನ್ನು ಸುತ್ತುವರಿದ ಜನರ ಕೂಗೇ ಹೆಚ್ಚಾಗಿ ಕೇಳುತ್ತಿತ್ತು.

ಹಿಂದಿನ ದಿನ ಕಾಡಂಚಿನ ಬಾಳೆತೋಟದಲ್ಲಿ ದೊಡ್ಡಸಿದ್ದಯ್ಯ ಎಂಬ ದನಗಾಹಿಯನ್ನು ಹುಲಿ ಕೊಂದಿತ್ತು. ಹುಲಿ ಇನ್ನೂ ತೋಟದೊಳಗೇ ಇತ್ತು. ಸಂಜೆಯೊಳಗೆ ಹಿಡಿಯದಿದ್ದರೆ ಬೆಂಕಿ ಇಡುತ್ತೇವೆಂದು ಊರು ಪಟ್ಟು ಹಿಡಿದಿತ್ತು. ಅರಿವಳಿಕೆ ಬಂದೂಕಿನ ಡಾಕ್ಟರೂ ಬಂದಾಗಿತ್ತು. ಅಮೃತೇಶರ ಕೈ ಕಟ್ಟಿದ್ದು ಒಂದೇ ಅನುಮಾನ. ಇದು ಮರಿ ಹಾಕಿರುವ ತಾಯಿಯಾಗಿದ್ದರೆ? ತಾಯಿಯನ್ನು ಸಾಗಿಸಿಬಿಟ್ಟರೆ ಎಲ್ಲೋ ಪೊದೆಯಲ್ಲಿ ಬಚ್ಚಿಟ್ಟ ಎಳೆಯ ಮರಿಗಳು ಹಸಿದು ಸಾಯುತ್ತವೆ.

ಆ ತಾಯಿಯನ್ನು ಕವನಳಷ್ಟು ಬಲ್ಲವರು ಆ ಕಾಡಿನಲ್ಲಿ ಇನ್ನೊಬ್ಬರಿರಲಿಲ್ಲ.

ಕವನ ಸೋಸಲೆ ಊರಿನವಳು. ನರಸೀಪುರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೇಸಿಗೆ ರಜೆಗೆ ಇಪ್ಪತ್ತು ದಿನ ಸ್ವಯಂಸೇವೆ ಮಾಡುತ್ತೇನೆಂದು ನಂಜನಗೂಡಿನ ಬಸ್ಸು ಹತ್ತಿ ಬಂದವಳು. ಕಾವಲುಗಾರ ರಾಚಯ್ಯನ ಬೆನ್ನಿಗೆ ಬಿದ್ದು ದಿನಾ ಎಂಟು ಮೈಲಿ ನಡೆದಳು. ಮರಕ್ಕೆ ಕಟ್ಟಿದ ಕ್ಯಾಮೆರಾಗಳಿಂದ ಕಾರ್ಡು ತೆಗೆದಳು. ಕ್ಯಾಮೆರಾ ಕಟ್ಟುವುದಷ್ಟೇ ರಾಚಯ್ಯನ ಕೆಲಸ. ಫೋಟೊ ನೋಡುವವರು ಕಚೇರಿಯವರು. ಕವನಳಿಗೆ ಅಷ್ಟು ತಾಳ್ಮೆಯಿರಲಿಲ್ಲ. ರಾತ್ರಿಯಾಗುವ ಮೊದಲೇ ತಾನೇ ಕೂತು ನೋಡಿಬಿಡುತ್ತಿದ್ದಳು.

"ಮನುಸ್ರ ಎಬ್ಬೆಟ್ಟು ಗುರ್ತು ಇದ್ದಂಗೆ ಕಣವ್ವಾ ಹುಲಿ ಪಟ್ಟೆ. ಒಂದರದ್ದು ಇನ್ನೊಂದುಕ್ಕಿಲ್ಲ," ಎಂದು ಮೊದಲ ದಿನವೇ ರಾಚಯ್ಯ ಹೇಳಿಕೊಟ್ಟಿದ್ದ.

"ದಾರಿಯ ಎರಡೂ ಕಡೆ ಎದುರುಬದುರಾಗಿ ಯಾಕೆ ಕಟ್ತೀರಣ್ಣ?"

"ಒಂದ ದೇವ್ರು ಕಿತ್ತಾಕುದ್ರೆ ಇನ್ನೊಂದಾರಾ ಇರ್ಲಿ ಅಂತ."

ಕಾಡಿನೊಳಗೆ ಅವನು ಆನೆಯನ್ನು ಹೆಸರು ಹಿಡಿದು ಕರೆಯುವವನಲ್ಲ. ಮೂರೇ ದಿನಕ್ಕೆ ಅವನ ಮಾತು ನಿಜವಾಯಿತು. ಕೆರೆಯ ದಾರಿಯ ಜೋಡಿಯಲ್ಲಿ ಒಂದನ್ನು ಆನೆ ತುಳಿದು ಪುಡಿ ಮಾಡಿತ್ತು. "ನೋಡ್ದಾ ಮೇಡಮ್ಮೋರೆ, ಓದ್ದೋರ್ಗಿಂತ ನಾನೇ ವಾಸಿ," ಎಂದು ರಾಚಯ್ಯ ನಕ್ಕಿದ್ದ.

ಉಳಿದ ಒಂದರಲ್ಲೇ ತಾಯಿ ಸಿಕ್ಕಿದಳು.

ಹನ್ನೊಂದು ಬೆಳಗು ಬಂದಳು, ಎಡಕ್ಕೆ ಮುಖ ಮಾಡಿ, ಕೆರೆಯತ್ತ. ಮರಳುವುದು ಬೇರೆ ಯಾವುದೋ ದಾರಿ. ಒಂದು ದಿನವಂತೂ ಮೂರು ಸಲ ಹಾದಳು, ಸಲಕ್ಕೊಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು. ಎಲ್ಲಿಗೆ ಸಾಗಿಸಿದಳೋ ಯಾರಿಗೂ ತಿಳಿಯಲಿಲ್ಲ. ತನ್ನ ಅಜ್ಜಿ ಮರಿತಾಯಮ್ಮ ಹಾಡಿ ಹೇಳಿಕೊಟ್ಟ ಪದಗಳನ್ನು ಸಾಲು ಹಿಡಿದು ಕಲಿತ ಹಾಗೆಯೇ ಕವನ ಆ ಪಟ್ಟೆಗಳನ್ನು ಕಲಿತಳು. ಭುಜದ ಮೇಲೆ ಕುಡುಗೋಲು. ಪಕ್ಕೆಯ ನಡುವೆ ಜೋಡಿ ಬಳೆ. ತೊಡೆಯ ಮೇಲೆ ಕವಲೊಡೆದ ಕಡ್ಡಿ. ಕಣ್ಣು ಮುಚ್ಚಿದರೂ ಒಂದೂ ತಪ್ಪುತ್ತಿರಲಿಲ್ಲ.

ತೋಟದ ಬದುವಿಗೆ ಕಟ್ಟಿದ್ದ ಕ್ಯಾಮೆರಾದ ಫೋಟೊವನ್ನು ಇವತ್ತು ಬೆಳಿಗ್ಗೆ ಬೈಕಿನಲ್ಲಿ ತಂದುಕೊಟ್ಟಿದ್ದರು. ಬಾಳೆಗಿಡಗಳ ನಡುವೆ ಬಲಕ್ಕೆ ಮುಖ ಮಾಡಿ ಹೊರಟ ಹುಲಿ. ಕವನ ಅದನ್ನೂ ತಾಯಿಯ ಫೋಟೊವನ್ನೂ ಪಕ್ಕಪಕ್ಕ ಇಟ್ಟಳು. ಕುಡುಗೋಲಿರಲಿಲ್ಲ. ಬಳೆಯಿರಲಿಲ್ಲ. ಕವಲಿರಲಿಲ್ಲ. ಬೇರೆ ಹುಲಿ! ಎರಡನ್ನೂ ಫೋನಿಗೆ ಹಾಕಿಕೊಂಡಳು. ಆಮೇಲೆ ಬಂಡೆಯ ಕಡೆಗೆ ಓಡಿದಳು.

"ಎರಡು ಫೋಟೊನೂ ಕಳಿಸಿದೀನಿ ಸಾರ್, ನೀವೇ ನೋಡಿ."

"ಓಪನ್ನೇ ಆಗ್ತಿಲ್ಲ ಕಣಮ್ಮಾ, ಸುತ್ತಾನೇ ಇದೆ. ನೀನು ಕಣ್ಣಾರೆ ನೋಡಿದೀಯಲ್ಲ, ನೀನೇ ಹೇಳು." ಅಮೃತೇಶರ ದನಿ ಒಡೆದಿತ್ತು. "ತಾಯಿ ಅನ್ನು, ಈ ಜನರ ಕೈಲಿ ಒದೆ ತಿಂದಾದ್ರೂ ಸರಿ, ಮರಿ ಸಿಗೋ ತನಕ ಮುಟ್ಟೋಕೆ ಬಿಡಲ್ಲ. ಅಲ್ಲ ಅನ್ನು, ಈಗ್ಲೇ ಇಂಜೆಕ್ಷನ್ ಹೊಡೆಸ್ತೀನಿ."

ಗಾಜು ಒಡೆದ ಸದ್ದು ಕೇಳಿಸಿತು. ಯಾರೋ ಬೈದರು.

"ಒಂದು ಪಟ್ಟೆನೂ ಹೊಂದಲ್ಲ ಸಾರ್. ನಮ್ಮವ್ವನಾಣೆ, ಇದು ತಾಯಲ್ಲ."

"ಸರಿ." ಫೋನು ಕಟ್ಟಾಯಿತು.

ರಾಚಯ್ಯ ಬೆಟ್ಟದ ದಿಕ್ಕಿಗೆ ಕೈ ಮುಗಿದ. "ಮಾದಪ್ಪಾ, ಮೂರು ಕೂಸ್ಗೋಳ್ನ ಕಾದ್ಬುಟ್ಟೆ ಕಣಪ್ಪಾ." ಆಮೇಲೆ ಇವಳತ್ತ ತಿರುಗಿ, "ನೀ ಇಲ್ದೇ ಓಗಿದ್ರೆ ಇವತ್ತು ಅವುಗಳ ಕತೆ ಮುಗ್ದೋಗಿರದು ಕಣವ್ವಾ," ಎಂದ. ನಿನ್ನೆಯಿಂದ ತಡೆದಿದ್ದ ಅಳುವನ್ನು ಕವನ ಆಗ ಅತ್ತಳು.

ಇಬ್ಬರೂ ತೋಟ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ. ಬದುವಿನ ತುಂಬ ಜನ, ಶಿಳ್ಳೆ. ಬೋನಿನ ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ನೀರುಗಾಲುವೆಯ ಪಕ್ಕ ಹುಲಿ ಹೊಟ್ಟೆಯಡಿಯಾಗಿ ಬಿದ್ದಿತ್ತು, ಕಣ್ಣಿಗೆ ಬಟ್ಟೆ, ಮೈಮೇಲೆ ಒದ್ದೆ ಗೋಣಿ.

"ಬಲಮಗ್ಗುಲದ್ದು ತೋಟದ ಫೋಟೊಗೆ ಸರಿಹೋಯ್ತು," ಎಂದರು ಡಾಕ್ಟರು ಗೋಣಿ ಸರಿಸುತ್ತ. "ಎಡಮಗ್ಗುಲದ್ದು ಇದೆಯೇನಮ್ಮ?"

"ಎರಡೂ ಒಂದೇ ತರ ಅಲ್ವಾ ಸಾರ್?"

"ಎಲ್ಲಾದ್ರೂ ಉಂಟೇನಮ್ಮ? ಒಂದೇ ಹುಲಿ ಆದ್ರೂ ಈ ಮಗ್ಗುಲ ಪಟ್ಟೆ ಆ ಮಗ್ಗುಲಿಗಿರಲ್ಲ. ಅದಕ್ಕೇ ಅಲ್ವಾ ದಾರಿಯ ಎರಡೂ ಕಡೆ ಕ್ಯಾಮೆರಾ ಕಟ್ಟೋದು."

ಕವನ ರಾಚಯ್ಯನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ.

ನಾಲ್ಕು ಜನ ಕಾಲು ಹಿಡಿದು ಹುಲಿಯನ್ನು ಬಲಕ್ಕೆ ಹೊರಳಿಸಿದರು.

ಕಣ್ಣು ಮುಚ್ಚಿದರೂ ಅವಳಿಗೆ ತಪ್ಪದ ಪಟ್ಟೆಗಳೆಲ್ಲ ಆ ಮಗ್ಗುಲಲ್ಲಿದ್ದವು; ಅವುಗಳ ಕೆಳಗೆ, ಒದ್ದೆ ಹುಲ್ಲಿಗೆ, ಹಾಲು ತೊಟ್ಟಿಕ್ಕುತ್ತಿತ್ತು.