ಬೇಲಿಯ ಟಕ್ ಟಕ್

ಹಜಾರದಲ್ಲಿ ಅತ್ತೆಯ ಉಬ್ಬಸದ ಯಂತ್ರ ಗುರ್ ಎನ್ನತೊಡಗಿತು. ಅದೇ ಗಳಿಗೆಗೆ ಹಿತ್ತಿಲ ಜೋಳ ಕಾಯುವ ಸೋಲಾರ್ ಬೇಲಿಯಲ್ಲಿ ಕರೆಂಟಿನ ಟಕ್ ಟಕ್ ನಿಂತುಹೋದದ್ದು ಮಂಗಳಮ್ಮನಿಗೆ ಕೇಳಿಸಿತು.

ಘಾಟಿಯಲ್ಲಿ ಮರ ಬಿದ್ದು ಪಣಕಹಳ್ಳಿಗೆ ಎರಡು ದಿನದಿಂದ ಕರೆಂಟಿಲ್ಲ. ಮನೆಯ ಯುಪಿಎಸ್ ಬ್ಯಾಟರಿ ಮಧ್ಯಾಹ್ನವೇ ಪ್ರಾಣ ಬಿಟ್ಟಿತ್ತು. ಗಂಡ ಪ್ರಭುಸ್ವಾಮಿ ಇದಕ್ಕೆಲ್ಲ ಮೊದಲೇ ಏರ್ಪಾಡು ಮಾಡಿದ್ದ: ಮನೆಯದು ಕೈಕೊಟ್ಟರೆ ಬೇಲಿಯದು, ಬೇಲಿಯದು ಕೈಕೊಟ್ಟರೆ ಮನೆಯದು. ಟೀ ಅಂಗಡಿಯಲ್ಲಿ ಈ ಜಾಣತನವನ್ನು ಬಂದವರಿಗೆಲ್ಲ ವಿವರಿಸಿದ್ದ. ಆನೆಯನ್ನು ಮಾತ್ರ ಕೇಳಿರಲಿಲ್ಲ.

"ಬೇಲೀಲಿ ಸದ್ದೇ ಇಲ್ವಲ್ಲ," ಎಂದಳು ಮಂಗಳಮ್ಮ.

"ಅತ್ತು ನಿಮಿಷ ಕಣ. ಅವ್ವನ ಔಸ್ದಿ ಮುಗೀಲಿ, ಬ್ಯಾಟ್ರಿ ವಾಪಸ್ ಕೂಡುಸ್ತೀನಿ. ಇನ್ನೂ ಒತ್ತೇ ಮುಳುಗಿಲ್ಲ, ಈಗೆಲ್ಲಿ ಬತ್ತದ?" ಎಂದ ಪ್ರಭುಸ್ವಾಮಿ.

ಮುಖಕ್ಕೆ ಮಾಸ್ಕ್ ಒತ್ತಿಕೊಂಡಿದ್ದ ಅತ್ತೆ ಚಿಕ್ಕತಾಯಮ್ಮ ಉಸಿರಿಗೊಂದು ಮಾತು ಸೇರಿಸಿದರು: "ಜ್ವಾಳದ್ದೇ... ಚಿಂತೆ... ಇವ್ಳಿಗೆ."

ಹುಳಿ ಕೈಯಾಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಮಂಗಳಮ್ಮ ಹಿತ್ತಿಲಿಗೆ ಬಂದಳು. ಬೇಲಿಯಾಚೆಯ ಪೊದೆ ಗಾಳಿಯಿಲ್ಲದೆ ಅಲ್ಲಾಡಿತು. ಒಂಟಿ ಸಲಗ. ಹೋದ ವರ್ಷ ಇಲ್ಲೇ ಬಂದು, ಟಕ್ ಟಕ್ ಕೇಳಿ, ಮುನಿಸಿಕೊಂಡ ನೆಂಟನ ಹಾಗೆ ಹಿಂತಿರುಗಿದ್ದು ಇದೇ. ಈಗ ಕಿವಿಯಗಲಿಸಿ ನಿಂತಿತ್ತು. ಇವಳಿಗೆ ಕೇಳಿಸದ ಟಕ್ ಟಕ್ ಅದಕ್ಕೂ ಕೇಳಿಸುತ್ತಿರಲಿಲ್ಲ.

ಯಂತ್ರ ನಿಲ್ಲಿಸಿದರೆ ಅತ್ತೆಯ ಉಸಿರು ಕಟ್ಟೀತು. ನಿಲ್ಲಿಸದಿದ್ದರೆ ಅತ್ತೆ ಮಲಗಿದ್ದ ಬದಿಯ ಗೋಡೆಯನ್ನೇ ಆನೆ ಕೆಡವೀತು. ಆನೆ ವಾಸನೆ ಹಿಡಿದು ಬರುವ ರಾಗಿ ಮೂಟೆ ಒರಗಿಸಿದ್ದೂ ಅದೇ ಗೋಡೆಗೆ. ಕೂಗಿದರೆ ಅದು ಮೈಮೇಲೆ ಬಂದೀತು. ಬೇಲಿಯ ಬ್ಯಾಟರಿ ಇಡುವ ತಗಡಿನ ಡಬ್ಬ ಖಾಲಿಯಾಗಿ ಕಾಲ ಬಳಿಯೇ ಇತ್ತು. ಕುಕ್ಕರುಗಾಲಲ್ಲಿ ಕೂತು ಅದರ ಮುಚ್ಚಳಕ್ಕೆ ಸೌಟಿನಿಂದ ಬಡಿದಳು. ಟಕ್. ಒಂದು ಉಸಿರು ಬಿಟ್ಟು, ಟಕ್.

ಮುಂದಿಡಬೇಕೆಂದು ಎತ್ತಿದ ಕಾಲನ್ನು ಸಲಗ ಇದ್ದಲ್ಲೇ ಊರಿತು. ಹೋಗಲೂ ಇಲ್ಲ. ಸದ್ದು ಅದೇ ಹೌದೋ ಅಲ್ಲವೋ ಎಂದು ಲೆಕ್ಕ ಹಾಕುವ ಹಾಗೆ ಸೊಂಡಿಲು ಚಾಚಿತು. ಮಂಗಳಮ್ಮ ಬಡಿತ ಹೆಚ್ಚುಕಡಿಮೆಯಾಗಲು ಬಿಡಲಿಲ್ಲ.

ಒಳಗೆ ಯಂತ್ರ ನಿಂತಿತು. ಮರಳಿ ಬಂದ ಮೊದಲ ಉಸಿರನ್ನು ಚಿಕ್ಕತಾಯಮ್ಮ ಸೊಸೆಗೇ ಖರ್ಚು ಮಾಡಿದರು: "ಏನವ್ವ ಅದು ಟಕಟಕ? ತಲೆ ಸಿಡೀತದ, ನಿಲ್ಸು!"

ಬ್ಯಾಟರಿ ಅವುಚಿಕೊಂಡು ಓಡಿಬಂದ ಪ್ರಭುಸ್ವಾಮಿ ಬೇಲಿಯತ್ತ ನೋಡಿದ್ದೇ ಕಂಬವಾದ. ಅಲ್ಲಿಂದಲೇ ಪಿಸುಗುಟ್ಟಿದ: "ಮಂಗಳಾ, ಸೌಟು ತಗಿ. ಮುಚ್ಚಳ ತಗೀಬೇಕು."

ಸೊಂಡಿಲು ತಂತಿಗೆ ಒಂದು ಗೇಣು ದೂರದಲ್ಲಿತ್ತು. ಮಂಗಳಮ್ಮ ತಿರುಗಿ ನೋಡಲಿಲ್ಲ.

"ಎರಡು ಟಕ್ಕಿನ ಮಧ್ಯ ತಗುದು, ಕೂಡುಸಿ, ಮುಚ್ಬುಡ್ತೀರಾ?"