ಹೋದ ವರ್ಷದ ಮುಯ್ಯಾಳು

ಆ ದಿನ ಬೆಳಿಗ್ಗೆ ಮಂಕಿಯಲ್ಲಿ ಗಾಳಿ ದಿಕ್ಕು ಬದಲಿಸಿತ್ತು. ಪಡುವಣದಿಂದ ಕಪ್ಪು ಮೋಡ ಒಂದರ ಹಿಂದೊಂದು ಬರುತ್ತಿತ್ತು. ಬೆಳಗಾಯಿತೋ ಇಲ್ಲವೋ ಎಂದು ಕೋಳಿಗಳಿಗೇ ಅನುಮಾನ. ಯೋಗೇಶ ದೇವರ ಮುಂದೆ ದೀಪ ಹಚ್ಚಿದ. ಕೈ ಮುಗಿದರೂ ಮನಸ್ಸು ನಿಲ್ಲಲಿಲ್ಲ. ಮಳೆ ಹಿಡಿಯುವುದರೊಳಗೆ ಮಾಡಿನ ಹಂಚಿನ ಕೆಲಸ ಆಗಬೇಕಿತ್ತು.

ಒದ್ದೆ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಹೋದ. ಪ್ರತಿ ಬೇಸಿಗೆ ಅಲ್ಲಿ ಸೀಮೆಸುಣ್ಣದಲ್ಲಿ ತನ್ನ ಕೆಲಸಗಳನ್ನು ಬರೆದುಕೊಳ್ಳುವುದು ಅವನ ರೂಢಿ. ಹೋದ ವರ್ಷದ್ದು ಹಾಗೆಯೇ ಇತ್ತು. ಬಾವಿಯ ಕೆಸರು ತೆಗೆಯುವುದು. ಕಟ್ಟಿಗೆ ಒಟ್ಟುವುದು. ಒಡೆದ ಹಂಚು ತೆಗೆದು ಮಾಡು ಕೈಯಾಡಿಸುವುದು. ತಂಬಾಕು ಬಿಡುವುದು. ಕೊನೆಯದೊಂದನ್ನು ಬಿಟ್ಟು ಎಲ್ಲದಕ್ಕೂ ಗೆರೆ ಬಿದ್ದಿತ್ತು.

ಒರೆಸಲು ಹೋದ ಕೈ ಹಂಚಿನ ಸಾಲಿನ ಮೇಲೆ ನಿಂತಿತು. ಬಾವಿ, ಕಟ್ಟಿಗೆ ಅವನೇ ಮಾಡಿದ್ದು. ಹಂಚಿನ ಹೊತ್ತಿಗೆ ಅವನು ಬೈಕಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕುಮಟೆಯ ಅಕ್ಕನ ಮನೆಯಲ್ಲಿ ಮಲಗಿದ್ದ. ಆ ಮಳೆಗಾಲದಲ್ಲಿ ಮನೆ ಒಂದು ಹನಿಯೂ ಸೋರಿರಲಿಲ್ಲ. ಹೆಂಡತಿ ಯಾರಿಗೋ ಕೂಲಿ ಕೊಟ್ಟು ಮಾಡಿಸಿರಬೇಕು ಎಂದುಕೊಂಡು ಮರೆತಿದ್ದ.

“ವಿನುತಾ, ಹೋದ ವರ್ಷ ಹಂಚಿಗೆ ಬಂದವರನ್ನೇ ಈ ಸಲವೂ ಕರಿ. ನನ್ನ ಕಾಲಲ್ಲಿ ಏಣಿ ಹತ್ತೂಕೆ ಆಗೂದಿಲ್ಲ. ಕೂಲಿ ಎಷ್ಟಾದ್ರೂ ಆತು.”

“ಅವರು ಕೂಲಿ ತಕ್ಕಳ್ಳುವವರಲ್ಲ,” ಎಂದಳು ವಿನುತಾ ಒಲೆಯ ಬಳಿಯಿಂದ.

ಯೋಗೇಶ ಒರೆಸುವುದನ್ನು ಬಿಟ್ಟು ಒಲೆಯ ಬಳಿಗೆ ಬಂದ.

ಕೂಲಿ ಅಲ್ಲದಿದ್ದರೆ ಅದು ಮುಯ್ಯಿ. ನಿನ್ನ ಮನೆಯಲ್ಲಿ ಒಬ್ಬರು ಒಂದು ದಿನ ಬೆವರು ಸುರಿಸಿದರೆ, ಅವರ ಕೆಲಸಕ್ಕೆ ನೀನೂ ಒಂದು ದಿನ ಬೆವರು ಸುರಿಸಬೇಕು. ಅವರು ಬಾಯಿಬಿಟ್ಟು ಕೇಳುವುದಿಲ್ಲ. ಮರುವರ್ಷದ ಮಳೆ ಹಿಡಿಯುವುದರೊಳಗೆ ನೀನೇ ಹೋಗಬೇಕು. ಹೋಗದವನ ಅಂಗಳಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ. ಮುಯ್ಯಿ ನುಂಗಿದವ ಎಂಬ ಹೆಸರು ಅವನ ನಂತರವೂ ಮನೆಗೆ ಅಂಟಿಕೊಂಡಿರುತ್ತದೆ.

“ಇಷ್ಟು ದಿನ ಹೇಳೂಕೆ ಎಂತ ಆಗಿತ್ತು ನಿಂಗೆ? ಯಾರದು?”

“ಇಷ್ಟು ದಿನ ನೀವು ಕೇಳಿರ್ಲಿಲ್ಲ. ಈಗ ನೀವೇ ಹುಡ್ಕಿ.”

“ಊಟ ಆದ್ರೂ ಸರಿ ಬಡಿಸಿದ್ಯಾ ಅವರಿಗೆ?”

“ಬಡಿಸ್ಲಿಲ್ಲ. ಅವರೇ ಹಾಕಂಡು ಉಂಡ್ರು.”

“ಥೂ! ಮಾಡಿನ ಮೇಲೆ ಬಿಸಿಲಲ್ಲಿ ದುಡಿದವರಿಗೆ ಒಂದು ತುತ್ತು ಬಡಿಸೂಕೆ ಆಗ್ಲಿಲ್ವಾ?”

“ಆ ದಿನ ನನ್ನ ಕೈ ಖಾಲಿ ಇರ್ಲಿಲ್ಲ,” ಎಂದು ಅವಳು ಒಲೆಗೆ ಕಟ್ಟಿಗೆ ನೂಕಿದಳು.

ಮುರ್ಡೇಶ್ವರದ ಹೋಟೆಲಿಗೆ ಇವತ್ತು ಬರುವುದಿಲ್ಲವೆಂದು ಫೋನು ಮಾಡಿ, ಯೋಗೇಶ ಹೊರಬಿದ್ದ. ಗಾಳಿಗೆ ತೆಂಗಿನ ಮರಗಳು ಒಂದಕ್ಕೊಂದು ಏನೋ ದೂರು ಹೇಳುತ್ತಿದ್ದವು. ಮೊದಲು ನೆನಪಾದವನು ಹೊನ್ನ. ಊರಿನಲ್ಲಿ ಹಂಚಿನ ಮೇಲೆ ಬೆಕ್ಕಿನ ಹಾಗೆ ನಡೆಯುವವನು ಅವನೊಬ್ಬನೇ.

ಹೊನ್ನ ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ವಿಷಯ ಕೇಳಿ ನಕ್ಕ.

“ನಾನಾಗಿದ್ರೆ ನಿನ್ನ ಇಷ್ಟು ದಿನ ಬಿಡ್ತಿದ್ನಾ ಮಾರಾಯಾ? ಯಾವಾಗ್ಲೋ ನಿನ್ನ ನಮ್ಮ ಬಾವಿಗೆ ಇಳಿಸಿರ್ತಿದ್ದೆ!”

“ತಮಾಷೆ ಬೇಡ. ಯಾರು ಅಂತ ಗೊತ್ತಾ?”

ಹೊನ್ನ ನಗು ನಿಲ್ಲಿಸಿ ಬಲೆಯತ್ತ ಬಾಗಿದ. “ಗೊತ್ತಿದ್ರೂ ಹೇಳೂದಿಲ್ಲ. ಆ ದಿನ ನನ್ನ ಕರೆದಿದ್ರು. ನಾ ಭಟ್ಕಳದಲ್ಲಿ ಕೆಲಸಕ್ಕೆ ಸಿಕ್ಕಿಹಾಕ್ಕಂಡಿದ್ದೆ. ಬರೂಕೆ ಆಗ್ಲಿಲ್ಲ ಅಂತ ನನಗೇ ಮುಖ ಇಲ್ಲ. ಮಾಸ್ತಮ್ಮನ್ನ ಕೇಳು.”

ದೂರದಲ್ಲಿ ಗುಡುಗಿತು. ಯೋಗೇಶ ಕುಂಟುತ್ತಲೇ ಅವಸರದಿಂದ ನಡೆದ. ತೋಡಿನ ಆಚೆ ಮಾಸ್ತಮ್ಮನ ಮನೆ. ಮುದುಕಿ ಒಣಹಾಕಿದ ಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು.

“ಬಂದ್ಯಾ ಮಗಾ? ಒಂದು ವರ್ಷ ಬೇಕಾತು ನಿಂಗೆ!”

“ಹಂಚು ಹೊದೆಸಿದ್ದು ಯಾರು ಮಾಸ್ತಮ್ಮಾ?”

“ಕೆಳಗೆ ಏಣಿ ಹಿಡಿದದ್ದು ನಾನು. ಮಂಜುನಾಥನ ನೆನಸ್ತಾ ಕಣ್ಣು ಮುಚ್ಚಿಕಂಡೇ ಹಿಡ್ದಿದ್ದೆ. ಅಭ್ಯಾಸ ಇಲ್ಲದ ಜೀವ, ಕಾಲು ನಡುಗ್ತಿತ್ತು. ‘ಇಳಿಯೇ’ ಅಂದ್ರೆ ಕೇಳಬೇಕಲ್ಲ? ‘ಅವರು ಬಂದು ಮಲಗುವಾಗ ಮಂಚದ ಮೇಲೆ ಹನಿ ಬೀಳಬಾರ್ದು’ ಅನ್ನೂದು ಒಂದೇ ಮಾತು.”

ಯೋಗೇಶ ತೆಂಗಿನ ಮರಗಳಾಚೆ ತನ್ನ ಮನೆಯ ಮಾಡಿನತ್ತ ತಿರುಗಿದ.

“ಜಾರಿ ಬಿದ್ದಿದ್ರೆ?” ಎಂದ.

“ಬೀಳ್ಲಿಲ್ಲ. ನೀ ಬಿದ್ದದ್ದೇ ಸಾಕಿತ್ತು.” ಮಾಸ್ತಮ್ಮ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು. “ಇನ್ನೂ ಮಳೆ ಬಿದ್ದಿಲ್ಲ. ಹೋಗು. ಅಲ್ಲಿ ಇವತ್ತು ತೆಂಗಿನ ಮಡಲು ಹೆಣೀತಾರೆ. ಒಂದು ಆಳು ಕಮ್ಮಿ.”

ಅವನು ಓಡಲಿಲ್ಲ. ಓಡಲು ಕಾಲು ಬಿಡುತ್ತಿರಲಿಲ್ಲ. ಆದರೂ ಎಂದೂ ಅಷ್ಟು ಬೇಗ ನಡೆದಿರಲಿಲ್ಲ.

ತನ್ನದೇ ಮನೆಯ ಅಂಗಳದಲ್ಲಿ ನೆನೆಸಿ ಸೀಳಿದ ತೆಂಗಿನ ಮಡಲುಗಳ ರಾಶಿ ಬಿದ್ದಿತ್ತು. ಕೊಟ್ಟಿಗೆಯ ಗೋಡೆಗೆ ಮಳೆ ತಾಗದಂತೆ ಕಟ್ಟುವ ತಟ್ಟಿಗಳ ಹೆಣಿಗೆ ಆಗಷ್ಟೇ ಶುರುವಾಗಿತ್ತು. ಅದು ಹೆಂಗಸರ ಕೆಲಸವೆಂದು ಯೋಗೇಶ ಹುಟ್ಟಿದಂದಿನಿಂದ ಮುಟ್ಟಿದವನಲ್ಲ. ಚಪ್ಪಲಿ ಬಿಟ್ಟ. ಕೈಕಾಲು ತೊಳೆದ. ಮಾತಿಲ್ಲದೆ ಎದುರಿಗೆ ಕೂತು ಒಂದು ಮಡಲನ್ನು ತೊಡೆಯ ಮೇಲೆ ಎಳೆದುಕೊಂಡ. ಮೊದಲ ಗರಿ ತಪ್ಪಿತು. ಬಿಚ್ಚಿ ಮತ್ತೆ ಹೆಣೆದ. ಅದೂ ತಪ್ಪಿತು. ಎದುರಿನಿಂದ ಒಂದು ಕೈ ಬಂದು, ಗರಿಯನ್ನು ಸರಿಯಾದ ಸಂದಿಗೆ ತೂರಿಸಿ, ಹಿಂದೆ ಸರಿಯಿತು.

“ನಮ್ಮ ಮಾಡಿನ ಮೇಲಿಂದ ಕಡಲು ಕಾಣ್ತದೆ ಅಂತ ನೀವು ಒಂದು ದಿನವೂ ಹೇಳಿರ್ಲಿಲ್ಲ,” ಎಂದಳು ವಿನುತಾ.