ಇನ್ನೊಂದು ಸಲ ಹಾಡಿಸಿ

ಆ ವಿಡಿಯೋವನ್ನು ಕುಮುದಾ ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.

ಕೆರಿಬಿಯನ್ ಬಂದರೊಂದರಲ್ಲಿ ಅವಳ ಕ್ರೂಸ್ ಹಡಗು ನಾಲ್ಕು ಗಂಟೆ ನಿಂತಿತ್ತು. ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಮನೆಯಂಗಳದಲ್ಲಿ ಡೋಲು, ಹಾಡು, ಕುಣಿತ. ಪ್ರವಾಸಿಗರಿಗೆಂದೇ ಇಟ್ಟಿದ್ದಾರೆ ಅಂದುಕೊಂಡು ಸೀದಾ ಒಳಗೆ ನುಗ್ಗಿದಳು. ಮುದುಕಿಯೊಬ್ಬಳು ಕುರ್ಚಿ ಕೊಟ್ಟು, ಕರಿದ ಮೀನಿನ ತಟ್ಟೆ ಮುಂದೆ ಹಿಡಿದಳು.

“ಅಯ್ಯೋ ಬೇಡಮ್ಮ, ನಾವು ಮೀನು ತಿನ್ನಲ್ಲ. ಆ ಫೋಟೊ ಇಟ್ಟಿರೋ ಮೇಜು ವಿಡಿಯೋಗೆ ಅಡ್ಡ ಬರ್ತಿದೆ, ಸ್ವಲ್ಪ ಸರಿಸ್ತೀರಾ?”

ಮುದುಕಿ ಸರಿಸಿದಳು.

“ಇನ್ನೊಂದು ಸಲ ಹಾಡಿಸಿ. ಸ್ವಲ್ಪ ನಗ್ತಾ ನಗ್ತಾ ಹಾಡೋಕೆ ಹೇಳಿ.”

ಮುದುಕಿ ಹಾಡಿಸಿದಳು.

“ತುಂಬಾ ಚೆನ್ನಾಗಿತ್ತಮ್ಮ,” ಎಂದಳು ಕುಮುದಾ ಹೊರಡುತ್ತ. “ನಮ್ಮ ಹಡಗಿನವರನ್ನೂ ಕಳಿಸ್ತೀನಿ. ಮುಂದಿನ ಶೋ ಯಾವಾಗ?”

ಮುದುಕಿ ಫೋಟೊವನ್ನು ಅಂಗೈಯಿಂದ ಒರೆಸಿದಳು.

“ಇನ್ನಿಲ್ಲಮ್ಮ. ಮಣ್ಣು ಮಾಡೋಕೆ ನನಗೆ ಬೇರೆ ಮಗನಿಲ್ಲ.”